ಕಂಬಳಿಯ ಸುತ್ತ ಡೊಳ್ಳು

ನಿಂತಲ್ಲೇ ಡೊಳ್ಳು ಬಾರಿಸು ಎಂದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ನಮ್ಮ ಕುಲದೇವರು ಬೀರೋಬನ ಮುಂದೆ ಮನೆತನದವರು ಯಾರೂ ನಿಂತು ಬಾರಿಸಿದವರಲ್ಲ. ನಡುವೆ ಕಂಬಳಿ ಹಾಸಿ, ಅದರ ಮೇಲೆ ದೇವರನ್ನು ಕೂರಿಸಿ, ಸುತ್ತು ಹಾಕುತ್ತ ಬಾರಿಸುವುದು ನಮ್ಮ ಪದ್ಧತಿ. ಕುರಿ ಕಾಯುವ ಜನ ನಾವು, ಒಂದು ಕಡೆ ನಿಂತು ಗೊತ್ತಿಲ್ಲ.

ಒಂದು ವರ್ಷ ಮುಂಬಯಿಯಿಂದ ಗ್ರಾಮೋಫೋನ್ ಪ್ಲೇಟು ಮಾಡುವ ಸಾಹೇಬರೊಬ್ಬರು ಸೊಲ್ಲಾಪುರಕ್ಕೆ ಬಂದಿದ್ದರು. ಬಾಡಿಗೆ ಬಂಗಲೆಯ ಕೋಣೆಯೊಂದರ ಗೋಡೆಗೆಲ್ಲ ಚಾದರ ಬಿಗಿದು, ಕಿಟಕಿ ಮುಚ್ಚಿ, ಮಟಮಟ ಮಧ್ಯಾಹ್ನ ನಮ್ಮನ್ನು ಒಳಗೆ ಕರೆದರು. ಹಾಡಲು ಕಾಕಾ, ಡೊಳ್ಳಿಗೆ ಅಪ್ಪ ಮತ್ತು ನಾನು. ಆ ವರ್ಷ ಅಪ್ಪನ ಬಲಗೈ ನಡುಗಲು ಶುರುವಾಗಿತ್ತು. ಕೈ ಪೂರ್ತಿ ಸೋಲುವ ಮೊದಲು ಅವನ ಪೆಟ್ಟು ಒಂದು ಪ್ಲೇಟಿನಲ್ಲಾದರೂ ಉಳಿಯಲೇಬೇಕು ಎಂದು ಹಟ ಹಿಡಿದು, ಹುಲಜಂತಿ ಕಡೆಯ ನಮ್ಮೂರಿನಿಂದ ಅವನನ್ನು ಎಳೆದು ತಂದಿದ್ದೆ.

ಸಾಹೇಬರು ಪರೀಕ್ಷೆಗೆಂದು ಮೇಣದ ತಟ್ಟೆಯ ಮೇಲೆ ನಮ್ಮ ಪದವನ್ನು ಒಂದು ಸಲ ಕೊರೆದು ನಮಗೆ ಕೇಳಿಸಿದರು. ಡೊಳ್ಳು ಒಮ್ಮೆ ಕಿವಿ ಹರಿಯುವಂತೆ, ಮರುಕ್ಷಣ ಮೂರು ಹೊಲದಾಚೆ ಇದ್ದಂತೆ. ಮೈಕು ಗೋಡೆಯ ಬಳಿ ಇತ್ತು, ನಾವು ಸುತ್ತುತ್ತಿದ್ದೆವು. ನಿಂತು ಬಾರಿಸಿ ಎಂದರು, ನಿಂತೆವು. ಕಾಲು ನಿಂತೊಡನೆ ಅಪ್ಪನ ಕೈ ತಡವರಿಸಿತು. ಸಾಹೇಬರು ಡೊಳ್ಳಿನ ಬದಲು ಹೊರಗೆ ಕಾಯುತ್ತಿದ್ದ ತಬಲಾದವನನ್ನು ಕರೆಯಲು ಹೇಳಿದರು.

ನಮ್ಮನ್ನು ಕರೆಸಿದ್ದ ಗ್ರಾಮೋಫೋನ್ ಅಂಗಡಿಯವನು ಅಪ್ಪನ ಹತ್ತಿರ ಬಂದ. "ಮಾಮಾ, ಪದಾ ನಿಮ್ದ ಇರ್ಲಿ. ಡೊಳ್ಳ ಬ್ಯಾಡ, ಯಂತ್ರಕ್ಕ ಹೊಂದವಲ್ದು."

ನನಗೆ ತಡೆಯಲಾಗಲಿಲ್ಲ. "ನಿಮ್ಮ ಯಂತ್ರ ತಪ್ಪ ಜಾಗಾದಾಗ ಐತ್ರಿ. ನಡುವ ತಂದ ಇಡ್ರಿ!"

"ಕುಣೀಲಾಕ ಬಾರದಾಕಿ ನೆಲಾ ಡೊಂಕ ಅಂದ್ಳಂತ," ಎಂದು ಅವನು ನಕ್ಕ.

"ಡೊಳ್ಳ ಇಲ್ಲಂದ್ರ ಪದಾನೂ ಇಲ್ಲ," ಎಂದೆ. ಹೆಗಲ ಕಂಬಳಿ ತೆಗೆದು ಕೋಣೆಯ ನಡುವೆ ಹಾಸಿದೆ.

ಕಾಕಾ ಗಾಬರಿಯಾದ. "ಏ, ಅದು ದೇವ್ರ ಗಾದಿಲೇ!"

"ಇರ್ಲಿ ಬಿಡು," ಎಂದ ಅಪ್ಪ. "ಕೇಳಾಕ ಬಂದದ್ದು ನಡುವನ ಕುಂದರಬೇಕು."

ಅಂಗಡಿಯವನು ಅದನ್ನು ಮರಾಠಿಯಲ್ಲಿ ತಿಳಿಸಿದ. ಸಾಹೇಬರು ಒಮ್ಮೆ ನೋಡೋಣ ಎಂದು ಮೈಕು ಎತ್ತಿಕೊಂಡು ಬಂದರು. ಕಂಬಳಿಯ ಮೇಲೆ ಕಾಲಿಡುವಷ್ಟರಲ್ಲಿ ಅಪ್ಪ ಡೊಳ್ಳಿನ ಕೋಲು ಅಡ್ಡ ಹಿಡಿದ.

"ಸಾಹೇಬ, ಬೂಟ ಕಾಢಾ," ಎಂದ ಮರಾಠಿಯಲ್ಲೇ.

ಇನ್ನು ನಮ್ಮ ಕಥೆ ಮುಗಿಯಿತು ಎಂದುಕೊಂಡೆ. ಸಾಹೇಬರು ಅಪ್ಪನ ಮುಖ ನೋಡಿದರು, ಬಗ್ಗಿ ಬೂಟು ಬಿಚ್ಚಿದರು.

ಕಾಕಾ ಮೈಕಿನ ಮಗ್ಗುಲಲ್ಲಿ ನಿಂತು ಹಾಡಿದ. ನಾವಿಬ್ಬರೂ ಕಂಬಳಿಯ ಅಂಚಿನಗುಂಟ ಬರಿಗಾಲಲ್ಲಿ ಸುತ್ತಿದೆವು. ಈ ಸಲ ಪರೀಕ್ಷೆಯ ತಟ್ಟೆಯಲ್ಲಿ ಡೊಳ್ಳು ಮೊದಲಿನಿಂದ ಕೊನೆಯವರೆಗೆ ಒಂದೇ ತೂಕದಲ್ಲಿ ಕೇಳಿತು. ಸಾಹೇಬರು ಹೊಸ ಮೇಣದ ತಟ್ಟೆ ಹಾಕಿಸಿ, ಹೀಗೆಯೇ ಇನ್ನೊಮ್ಮೆ ಎಂದು ಕೈ ಮಾಡಿದರು. ಆ ಇನ್ನೊಮ್ಮೆಯೇ ಪ್ಲೇಟಾಯಿತು.

ಅಪ್ಪ ಈಗಿಲ್ಲ. ಪ್ಲೇಟು ಹಾಕಿದಾಗ, ಇದರಲ್ಲಿ ನಡುಗುವ ಕೈಯ ಪೆಟ್ಟು ಯಾವುದು ಎಂದು ಕೇಳುವವರಿದ್ದಾರೆ. ನಾನು ಹೇಳುವುದಿಲ್ಲ. ಕಿವಿ ಇದ್ದವರು ಹುಡುಕಿಕೊಳ್ಳಲಿ.