ಖಾಲಿ ಹಾಳೆಯ ಕೆಳಗಿನ ಸಹಿ

ಜೀವಮಾನವೆಲ್ಲ ಪಂಚಾಯಿತಿ ಕಾನೂನು ಕಲಿಸಿದೆ. ಹಳ್ಳಿಯಲ್ಲಿ ಗ್ರಾಮಸಭೆಯ ನಡಾವಳಿ ಪುಸ್ತಕಕ್ಕಿಂತ ದೊಡ್ಡ ಸಾಕ್ಷಿ ಇಲ್ಲ ಎಂದು ಬರೆದೆ ಕೂಡ. ಈಗ ಆ ಸಾಲು ಓದಿದರೆ ಮೈ ಉರಿಯುತ್ತದೆ.

ನಿವೃತ್ತನಾಗಿ ಸಿಂಧನೂರಿಗೆ ಮರಳಿದ ಮೇಲೆ ಮಸ್ಕಿ ಕಡೆಯ ಒಂದು ಹಳ್ಳಿಯವರು ಗ್ರಾಮಸಭೆಗೆ ಅತಿಥಿಯಾಗಿ ಕರೆದರು. ಭಾಷಣ ಮುಗಿಯುತ್ತಲೇ ಕಾರ್ಯದರ್ಶಿ ಪುಸ್ತಕ ಹಿಡಿದು ಬಂದ. ಸಭೆಯ ನಿರ್ಣಯ ಬರೆಯಬೇಕಾದ ಹಾಳೆಯ ಮೇಲ್ಭಾಗ ಪೂರ್ತಿ ಖಾಲಿ. ಕೆಳಗೆ ಸಹಿ, ಹೆಬ್ಬೆಟ್ಟು.

"ಠರಾವು ಎಲ್ಲಿ?" ಎಂದೆ.

"ಆಮ್ಯಾಲೆ ಬರಕೋತೀವ್ರೀ ಸರ. ಮಂದಿ ಎದ್ದು ಹೋದ್ರ ಮತ್ತ ಯಾರು ಸಿಗ್ತಾರ? ನೀವು ಚಾ ಕುಡೀರಿ."

ಎಲ್ಲರೂ ನಕ್ಕರು. ನಾನೂ ನಕ್ಕು ಸಹಿ ಮಾಡಿದೆ.

ಕೆಲವು ತಿಂಗಳ ನಂತರ ಆ ಊರಿನ ಕೂಲಿ ಹೆಂಗಸೊಬ್ಬಳು ತನ್ನ ವಕೀಲನ ಜೊತೆ ಮನೆಗೆ ಬಂದಳು. ಅವರ ಓಣಿಯಿಂದ ಸ್ಮಶಾನಕ್ಕೆ ಹೋಗುವ ಬಂಡಿದಾರಿಗೆ ಪಕ್ಕದ ಹೊಲದವನು ಬೇಲಿ ಹಾಕಿದ್ದ. ದಾರಿ ಮುಚ್ಚಲು ಗ್ರಾಮಸಭೆಯೇ ಒಪ್ಪಿದೆ ಎಂದು ಲಿಂಗಸುಗೂರಿನ ಕೋರ್ಟಿನಲ್ಲಿ ಅವನ ವಾದ. ಆಕೆ ಆ ಸಭೆಯ ಠರಾವಿನ ನಕಲನ್ನು ನನ್ನ ಮುಂದೆ ಹಿಡಿದಳು. ಅಂದು ಖಾಲಿ ಇದ್ದ ಜಾಗ ಈಗ ತುಂಬಿತ್ತು.

"ಇದು ನನ್ನ ಹೆಬ್ಬೆಟ್ಟು. ಬಾಜೂಕ ನಿಮ್ಮ ಸಹಿ ಐತಂತ. ನಾ ಓದಾಕ ಬರಲಾರದಾಕಿ. ನಿಮಗೇನಾಗಿತ್ರೀ ಸರ? ನಮ್ಮತ್ತಿ ಹಾಸಿಗಿ ಹಿಡದಾಳ. ನಾಳೆ ಆಕಿನ್ನ ಎಲ್ಲಿ ಒಯ್ಯಲಿ? ನಿಮ್ಮ ಅಂಗಳಕ್ಕ ತರ್ಲೇನು?"

ಆ ಹೊಲದವನ ಮೇಲೆ, ಕಾರ್ಯದರ್ಶಿಯ ಮೇಲೆ ಸಿಟ್ಟು ಉಕ್ಕಿತು. ಒಳಗೆ ಹೋಗಿ ಆ ದಿನದ ಡೈರಿ ತೆಗೆದೆ. 'ಸಭೆ ಚೆನ್ನಾಗಿ ನಡೆಯಿತು. ಜನ ಜಾಗೃತರಾಗಿದ್ದಾರೆ.' ಅಷ್ಟೇ. ಹಾಗಾದರೆ ಠರಾವು ಎಲ್ಲಿ ಎಂದು ನಿಜವಾಗಿ ಕೇಳಿದ್ದೆನೇ? ಅಥವಾ ನನ್ನ ಮಾನ ಉಳಿಸಲು ನೆನಪು ಆಮೇಲೆ ಸೇರಿಸಿದ ಮಾತೇ? ಆಣೆ ಮಾಡಿ ಹೇಳಲಾರೆ. ಹಾಳೆ ಖಾಲಿ ಇದ್ದದ್ದು ಮಾತ್ರ ಖಚಿತ. ಆ ಬಿಳಿ ಜಾಗದ ಮೇಲೆ ಅಂಗೈ ಊರಿಯೇ ಸಹಿ ಮಾಡಿದ್ದೆ.

ಕೋರ್ಟಿಗೆ ಕೊಡುವ ಪ್ರಮಾಣಪತ್ರ ಬರೆಯಲು ಕೂತಾಗ ವಕೀಲ ಮೆಲ್ಲಗೆ ಅಂದ: "ಹಾಳಿ ಖಾಲಿ ಇದ್ದದ್ದು ಗಮನಿಸಲಿಲ್ಲ ಅಂತ ಬರೀರಿ ಸರ. ನಿಮ್ಮ ಮರ್ಯಾದಿನೂ ಉಳೀತೈತಿ."

ಗಮನಿಸದವನ ಸಾಕ್ಷಿಯಿಂದ ಬೇಲಿ ಬೀಳುತ್ತದೆಯೇ? ಅವನನ್ನು ಗದರಿದೆ. 'ಹಾಳೆ ಖಾಲಿ ಇತ್ತು. ನೋಡಿ, ತಿಳಿದೇ ಸಹಿ ಮಾಡಿದೆ' ಎಂದು ಬರೆದೆ. ಕೆಳಗೆ ಸಹಿ ಮಾಡಲು ಪೆನ್ನು ಊರುವಷ್ಟರಲ್ಲಿ ಆಕೆ ತಡೆದಳು.

"ತಡೀರಿ. ಮೊದಲು ಓದಿ ಹೇಳ್ರಿ."

ಓದಿದೆ. ಇನ್ನೊಮ್ಮೆ ಓದಿಸಿದಳು. ಆಮೇಲೆ ಸಹಿ ಮಾಡಲು ಬಿಟ್ಟಳು.