ದರಗಿಗೆ ಬೆಂಕಿ

ನಮ್ಮ ಬ್ಯಾಂಕಿನ ತೀರ್ಥಹಳ್ಳಿ ಶಾಖೆಗೆ ವರ್ಷಕ್ಕೊಮ್ಮೆ ಸಮಾಜಸೇವೆಯ ಹುಚ್ಚು ಹಿಡಿಯುತ್ತದೆ. ಈ ಬೇಸಿಗೆಯಲ್ಲಿ ನಮಗೆಲ್ಲ ಒಂದೇ ಬಣ್ಣದ ಟೀ ಶರ್ಟ್ ತೊಡಿಸಿ, ಕವಲೇದುರ್ಗದ ಬುಡದ ಹಳ್ಳಿಯೊಂದರ ಶಾಲೆ ಸ್ವಚ್ಛ ಮಾಡಲು ಕರೆದೊಯ್ದರು. ಶಾಲೆಯ ಹಿಂದೆ ಒಣಗಿದ ಎಲೆಗಳ ದೊಡ್ಡ ರಾಶಿಯಿತ್ತು. ಬಯಲುಸೀಮೆಯಿಂದ ವರ್ಗವಾಗಿ ಬಂದಿದ್ದ ಮ್ಯಾನೇಜರ್ ಅದನ್ನು ಸುಡಬೇಕೆಂದರು.

"ಸಾರ್, ಅದು ಕಸ ಅಲ್ಲ, ದರಗು. ಕೊಟ್ಟಿಗೆಗೆ ಹಾಸೋಕೆ ಯಾರೋ ಗುಡ್ಸಿಟ್ಟಿದ್ದಾರೆ" ಎಂದೆ.

"ಸುಮ್ನಿರ್ರೀ, ಫೋಟೋ ಚೆನ್ನಾಗಿ ಬರುತ್ತೆ" ಎಂದು ತಾವೇ ಕಡ್ಡಿ ಗೀರಿದರು.

ರಾಶಿ ಭಗ್ಗೆಂದು ಹತ್ತಿ, ಬೆಂಕಿ ಪಕ್ಕದ ಬೇಲಿಗೆ ಹಾರಿತು. ಸೇವೆಗೆ ಬಂದ ಉಳಿದವರೆಲ್ಲ ಬ್ಯಾನರ್ ಬಿಸಾಕಿ ಓಡಿದರು. ಮ್ಯಾನೇಜರ್ ಕಾರು ಹತ್ತಿ ಗಾಜು ಏರಿಸಿಕೊಂಡರು. ಎದುರುಮನೆಯ ಹೆಂಗಸು ಹಸಿ ಸೊಪ್ಪಿನ ಕೊಂಬೆ ಮುರಿದುಕೊಂಡು ಬಂದು, ಹಾವು ಬಡಿಯುವ ಹಾಗೆ ಬೆಂಕಿಯನ್ನು ಬಡಿದಳು. ಬೆಂಕಿ ಆರಿದರೂ ಅವಳ ಕೈ ನಿಲ್ಲಲಿಲ್ಲ. ಹೊಗೆಯಾಡುತ್ತಿದ್ದ ಅದೇ ಕೊಂಬೆಯಿಂದ, ಹತ್ತಿರವಿದ್ದ ನನ್ನ ಬೆನ್ನಿಗೆ ಬಾರಿಸತೊಡಗಿದಳು.

"ಹಚ್ಚಿದ್ದು ನಾನಲ್ಲಮ್ಮಾ! ಅದು ದರಗು ಅಂತ ಹೇಳ್ದೆ!" ಎಂದು ಕೂಗಿಕೊಂಡೆ.

ಆ ಮಾತು ಕೇಳಿದ್ದೇ ತಡ, ಮುಖಕ್ಕೇ ಬೀಸಿದಳು. ತುಟಿ ಸೀಳಿ ಟೀ ಶರ್ಟಿನ ಮೇಲೆಲ್ಲ ರಕ್ತ ಸುರಿಯಿತು.

"ಆ ಸಾಹೇಬ್ರು ಗೊತ್ತಿಲ್ದೆ ಹಚ್ಚಿದ್ರು. ನೀನು ಗೊತ್ತಿದ್ದೂ ನಿಂತು ನೋಡಿದ್ಯಲ್ಲೋ! ಬಿಚ್ಚು ಆ ಅಂಗೀನ. ಮಳೆಗಾಲಕ್ಕೆ ನನ್ನ ದನ ಅದ್ರ ಮೇಲೇ ಮಲಗ್ಲಿ."