ಸಬಾ ಹೇಳದೆ ಬಿಟ್ಟ ಹೆಸರು

ಸಬಾ ಪರ್ವೀನ್ ಈ ಸಂಗತಿಯನ್ನು ನನಗೆ ಹೇಳಿದ್ದು ಮೂರನೆಯ ಭೇಟಿಯಲ್ಲಿ. ಮೊದಲೆರಡು ಸಲ ವಿಚಾರ ಸಂಕಿರಣದ ಮಾತು ಬಂದಾಗ “ಛಲೋ ಆತ್ರಿ” ಎಂದಷ್ಟೇ ಹೇಳಿ ಮುಂದಿನ ವಿಷಯಕ್ಕೆ ಹೋಗಿದ್ದರು.

ಅವರಿಗೆ ಈಗ ಮೂವತ್ತೆರಡು ವರ್ಷ. ಕಲಬುರಗಿಯ ಮೋಮಿನಪುರದಲ್ಲಿ ಗಡಿಯಾರ ರಿಪೇರಿ ಮಾಡುವ ಇಮಾಮುದ್ದೀನರ ಮಗಳು. ಮನೆಯಲ್ಲಿ ದಖನಿ ಉರ್ದು, ಶಾಲೆಯಲ್ಲಿ ಕನ್ನಡ. ಕಾಲೇಜಿನ ಇಂಗ್ಲಿಷ್ ಪುಸ್ತಕಗಳನ್ನು ಬಾಯಿಪಾಠ ಮಾಡಿಯೇ ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದರು. ಪಿಎಚ್.ಡಿ.ಗೆ ಆರಿಸಿಕೊಂಡದ್ದು ಕಮಲಾಪುರದ ಕೆಂಪು ಬಾಳೆ. ಇಂಗ್ಲಿಷ್ ಓದಿದರೆ ಅರ್ಥವಾಗುತ್ತಿತ್ತು, ಬರೆಯಲೂ ಬರುತ್ತಿತ್ತು. ಎದುರಿಗೆ ಯಾರಾದರೂ ನಿಂತು ಪ್ರಶ್ನೆ ಕೇಳಿದರೆ ಮಾತ್ರ ಬಾಯಿ ಕಟ್ಟುತ್ತಿತ್ತು.

ಕಮಲಾಪುರದ ಬೆಳೆಗಾರ ಜಗದೇವಪ್ಪ ಹನ್ನೊಂದು ವರ್ಷ ತಮ್ಮ ತೋಟದಲ್ಲಿ ಒಂದು ವಿಷಯವನ್ನು ಗಮನಿಸಿದ್ದರು. ಬಾಳೆಗಿಡ ಯಾವ ಕಡೆ ವಾಲುತ್ತದೋ ಅದರ ಎದುರು ಬದಿಯ ಮರಿಗಿಡವನ್ನು ಉಳಿಸಿದರೆ ತಾಯಿಗಿಡ ಗಾಳಿಗೆ ಬೀಳುವುದು ಕಡಿಮೆ. ಸಬಾ ಎರಡು ವರ್ಷ ಅಳತೆ ಮಾಡಿ ಅದು ನಿಜವೆಂದು ತೋರಿಸಿದರು. ಪ್ರಬಂಧದ ಕೊನೆಯ ಪುಟದಲ್ಲಿ ಜಗದೇವಪ್ಪನವರ ಹೆಸರನ್ನೂ ಅವರ ಹನ್ನೊಂದು ವರ್ಷಗಳ ಕೆಲಸವನ್ನೂ ಬರೆದಿದ್ದರು.

ಸಂಕಿರಣಕ್ಕೆ ಆರು ವಾರ ಮೊದಲು ಐವಾನ್-ಎ-ಶಾಹಿ ಬಡಾವಣೆಯ ಒಂದು ಇಂಗ್ಲಿಷ್ ತರಗತಿಗೆ ಸೇರಿದರು. ಅಲ್ಲಿ ಕಲಿಸುತ್ತಿದ್ದ ಗೌತಮ ಸರ್ ಪ್ರಶ್ನೋತ್ತರಕ್ಕೆಂದು ನಲವತ್ತು ವಾಕ್ಯ ಬರೆಸಿದ್ದರು. “ಸಬಾ ಮೇಡಂ, ಸುಮ್ನ ನಿಲ್ಲಬ್ಯಾಡ್ರಿ. ಸಣ್ಣ ಉತ್ತರ, ದೊಡ್ಡ ನಗಿ. ಮುಗೀತು,” ಎನ್ನುತ್ತಿದ್ದರು.

ಸಂಕಿರಣದ ದಿನ ಸಬಾ ಜಗದೇವಪ್ಪನವರನ್ನೂ ಕರೆದಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದು ಅವರು ಹಿಂದಿನ ಸಾಲಿನಲ್ಲಿ ಕುಳಿತರು. ಸಬಾ ತಡವರಿಸದೆ ಓದಿದರು. ಆದರೆ ಕೊನೆಯ ಪುಟ ತಿರುವುವ ಮೊದಲೇ ಸಮಯ ಮುಗಿದ ಗಂಟೆ ಹೊಡೆಯಿತು. ಅಧ್ಯಕ್ಷತೆ ವಹಿಸಿದ್ದ ಪ್ರಾಧ್ಯಾಪಕಿ ಇಂಗ್ಲಿಷಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ಇದನ್ನು ಮೊದಲು ಗಮನಿಸಿದವರು ಯಾರು?

“ಪ್ರಶ್ನೆ ಪೂರಾ ತಿಳೀತ್ರಿ. ತಿಳೀಲಿಲ್ಲ ಅಂದ್ರ ಸುಳ್ಳಾಗ್ತದ,” ಎಂದು ಸಬಾ ನನಗೆ ಹೇಳಿದರು. ಹೇಳಬೇಕಾದದ್ದು ಕನ್ನಡದಲ್ಲಿ ಸಿದ್ಧವಾಗಿಯೇ ಇತ್ತು. “ದಿಸ್” ಎಂದು ಶುರು ಮಾಡಿದರು. ಮುಂದಿನ ಪದ ಬರಲಿಲ್ಲ. ಸಭೆ ಕಾಯುತ್ತಿತ್ತು. ನಲವತ್ತು ವಾಕ್ಯಗಳಲ್ಲಿ ಒಂದು ತಾನಾಗಿ ನಾಲಿಗೆಗೆ ಬಂತು: “ಮೈ ಓನ್ ಅಬ್ಸರ್ವೇಶನ್, ಮೇಡಂ.” ಜೊತೆಗೆ ನಕ್ಕರು. ಚಪ್ಪಾಳೆ ಬಿತ್ತು. ಜಗದೇವಪ್ಪನವರೂ ತಟ್ಟಿದರು.

ಚಹಾದ ಹೊತ್ತಿಗೆ ಅವರು ಹತ್ತಿರ ಬಂದರು. “ಯವ್ವಾ, ಇಂಗ್ಲಿಷ್‌ನಾಗ ನನ್ನ ಹೆಸರು ಹ್ಯಾಂಗ ಕೇಳಸ್ತದಂತ ಕಿವಿಗೊಟ್ಟು ಕುಂತಿದ್ದೆ. ಗೊತ್ತೇ ಆಗ್ಲಿಲ್ಲ. ಯಾವಾಗ ಹೇಳಿದಿ?”

“ಹೇಳಿದ್ನಲ್ಲ ಕಾಕಾ. ಜಲ್ದಿ ಜಲ್ದಿ ಓದಿದೆ, ಅದಕ್ಕ ನಿಮಗ ತಿಳೀಲಿಲ್ಲ.”

“ಹಂಗಂತೀ? ನನ್ನ ಕಿವೀನೂ ಈಗ ಮಂದ ಬಿಡು,” ಎಂದು ಅವರು ಖುಷಿಯಿಂದ ನಕ್ಕರು.

ಅದೇ ಸಂಜೆ ಅಚ್ಚಿಗೆಂದು ಪ್ರಬಂಧ ಕೇಳಿದಾಗ, ಸಭೆಯಲ್ಲಿ ಹೇಳಿದ್ದಕ್ಕೆ ತಾಳೆಯಾಗಲೆಂದು, ಸಬಾ ಕೊನೆಯ ಪುಟವನ್ನು ತೆಗೆದಿಟ್ಟುಕೊಂಡು ಉಳಿದದ್ದನ್ನು ಕೊಟ್ಟರು. ಇದನ್ನು ಹೇಳುವಾಗ ಅವರು ನನ್ನ ಕಡೆ ನೋಡಲಿಲ್ಲ.

ಎರಡು ವಾರದ ನಂತರ ಅಳತೆಗೆಂದು ಕಮಲಾಪುರಕ್ಕೆ ಹೋದಾಗ ಜಗದೇವಪ್ಪನವರ ಹೆಂಡತಿ ಸೂಗಮ್ಮ ಬಾಗಿಲಲ್ಲೇ ಶುರು ಮಾಡಿದರು. “ಬಾರವ್ವಾ, ಏನ್ ಮಾಡಿಟ್ಟಿ ಇವರಿಗಿ? ‘ಇಂಗ್ಲಿಷ್ ಸಭಾದಾಗ ನನ್ನ ಹೆಸರು ಬಂತು’ ಅಂತ ಕಟಿಂಗ್ ಅಂಗಡ್ಯಾಗೂ ಹೇಳ್ಯಾರ. ಊರ ಮಂದಿ ಈಗ ‘ಸಾಹೇಬ್ರ’ ಅಂತ ಕರೀತದ!”

ಜಗದೇವಪ್ಪ ಕಟ್ಟೆಯ ಮೇಲೆ ಕುಳಿತಿದ್ದರು. ಸಬಾ ಚಪ್ಪಲಿ ಕಳಚದೆ ಅಂಗಳದಲ್ಲೇ ನಿಂತರು. “ಕಾಕಾ, ನಾ ನಿಮ್ಮ ಹೆಸರು ಹೇಳಿಲ್ರಿ. ಯಾರು ಕಂಡುಹಿಡಿದ್ರು ಅಂತ ಕೇಳಿದ್ರು. ನಾನss ಅಂದೆ.”

ಸೂಗಮ್ಮನ ನಗು ನಿಂತಿತು. ಜಗದೇವಪ್ಪ ಕೇಳಿದರು: “ಯಾಕ?”

“ಇಂಗ್ಲಿಷ್ ಬರಲಿಲ್ರಿ.”

“ಈಗ ಹೇಳು. ಅಲ್ಲಿ ಏನ್ ಹೇಳಬೇಕಿತ್ತೋ ಅದನ್ನss ಹೇಳು. ನಾ ಕೇಳ್ತೀನಿ.”

ಸಬಾ ತೊದಲುತ್ತ ಹೇಳಿದರು: “ದಿಸ್… ಜಗದೇವಪ್ಪ ವರ್ಕ್. ಇಲೆವೆನ್ ಇಯರ್ಸ್. ಕಮಲಾಪುರ.”

“ಇಷ್ಟss?” ಎಂದರು ಜಗದೇವಪ್ಪ. “ಇಷ್ಟ ಹೇಳಾಕ ಏನ್ ತ್ರಾಸ ಆಗಿತ್ತವ್ವಾ?”



ಮರುದಿನ ಸಬಾ ಆ ಪ್ರಾಧ್ಯಾಪಕಿಗೆ ಫೋನ್ ಮಾಡಿ, ಅದೇ ಮುರುಕು ಇಂಗ್ಲಿಷಿನಲ್ಲಿ ನಡೆದದ್ದನ್ನೆಲ್ಲ ಹೇಳಿದರು.  ಸಂಕಿರಣದ ಪುಸ್ತಕದ ಹೊಣೆಯನ್ನೂ ಹೊತ್ತಿದ್ದ ಪ್ರಾಧ್ಯಾಪಕಿ, ಇದನ್ನೆಲ್ಲ ಬರೆದು ಕಳಿಸಿ ಎಂದರು. ಪ್ರಬಂಧ ಇಬ್ಬರ ಹೆಸರಿನಲ್ಲಿ ಅಚ್ಚಾಯಿತು, ಜಗದೇವಪ್ಪನವರದು ಮೊದಲು.

ಪುಸ್ತಕ ತೆಗೆದುಕೊಂಡು ಸಬಾ ಕಮಲಾಪುರಕ್ಕೆ ಹೋದಾಗ ಅದನ್ನು ಸೂಗಮ್ಮ ಎರಡೂ ಕೈಯಲ್ಲಿ ಇಸಿದುಕೊಂಡು ತೋಟದ ಕಡೆ ಮುಖ ಮಾಡಿ ಕೂಗಿದರು. ಜಗದೇವಪ್ಪ ನೀರು ಕಟ್ಟುತ್ತಿದ್ದರು. “ಅಲ್ಲೇ ಇಡು,” ಎಂದು ಕೂಗಿ ಹೇಳಿದರು. ಸಬಾ ಬಸ್ಸಿನ ವೇಳೆಯವರೆಗೂ ಕಾದರು. ಅವರು ಮನೆಯತ್ತ ಬರಲಿಲ್ಲ.